ಗುಂಟೆ ಎಂಬ ಅಡಾಪ್ಟರ್

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟ. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಸ್ಥಾನ ಇರುವ ಊರು. ಬಿಡುವಿನಲ್ಲಿ ನಾನೇ ಬರೆದ ಒಂದು ಪುಟ್ಟ ತಂತ್ರಾಂಶವನ್ನು ತಾತನಿಗೆ ತೋರಿಸಿದೆ. ಜಮೀನಿನ ಮೂಲೆಗಳನ್ನು ಕೊಟ್ಟರೆ ಅದು ನಕ್ಷೆ ಬಿಡಿಸಿ, ಪಹಣಿಯಲ್ಲಿರುವ ವಿಸ್ತೀರ್ಣದ ಜೊತೆ ತಾಳೆ ನೋಡುತ್ತದೆ. ತಾತ ಕನ್ನಡಕ ಹಾಕಿಕೊಂಡು ನೋಡಿ, "ಏನ್ಲಾ ಮಗ, ನಮ್ಮ ಹನ್ನೆರಡು ಗುಂಟೆ ಯಾರಿಗ್ ಬರ್ಕೊಟ್ಟೆ?" ಅಂದರು.

ತಪ್ಪು ನನ್ನದೇ. ಪಹಣಿಯಲ್ಲಿದ್ದದ್ದು ೨-೨೦, ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಎರಡೂವರೆ ಎಕರೆ. ನನ್ನ ಕೋಡ್ ಅದನ್ನು ೨.೨೦ ಎಕರೆ ಎಂದು ದಶಮಾಂಶದಲ್ಲಿ ಓದಿತ್ತು. ಹಾಗೆ ಓದಿದರೆ ಎರಡು ಎಕರೆ ಎಂಟು ಗುಂಟೆ ಅಷ್ಟೇ!

ನಮ್ಮ ಕಸುಬಿನಲ್ಲಿ ಇಂಥದ್ದಕ್ಕೆ ಒಂದು ಮದ್ದಿದೆ, ಅಡಾಪ್ಟರ್ ಪ್ಯಾಟರ್ನ್. ೧೯೯೪ರಲ್ಲಿ ಗಾಮಾ ಮತ್ತು ಅವರ ಮೂವರು ಜೊತೆಗಾರರು ತಂದ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದಲ್ಲಿ ಇದಕ್ಕೆ ಕೊಟ್ಟಿರುವ ಉದಾಹರಣೆಯೂ ಚಿತ್ರ ಬಿಡಿಸುವ ತಂತ್ರಾಂಶದ್ದೇ. ಗೆರೆ, ಬಹುಭುಜ ಎಲ್ಲವೂ 'ಶೇಪ್' ಎಂಬ ಒಂದೇ ಕರಾರಿಗೆ ಒಪ್ಪಿಕೊಂಡಿವೆ. ಬೇರೆ ಕಡೆಯಿಂದ ತಂದ ಪಠ್ಯದ ಕ್ಲಾಸಿಗೆ ಆ ಭಾಷೆ ಬರುವುದಿಲ್ಲ. ಇಬ್ಬರನ್ನೂ ತಿದ್ದಲು ಹೋಗದೆ, ನಡುವೆ ಒಬ್ಬ ದುಭಾಷಿಯನ್ನು ಕೂರಿಸುವುದೇ ಅಡಾಪ್ಟರ್.

ತಪ್ಪು ಸರಿಪಡಿಸುತ್ತಾ ಕೂತಾಗ ಹೊಳೆಯಿತು, ಗುಂಟೆಯೇ ಒಂದು ಅಡಾಪ್ಟರ್ ಅಲ್ಲವೇ?

ಹಿಂದೆ ನಮ್ಮ ಕಡೆ ಗದ್ದೆಯನ್ನು ಬಿತ್ತನೆ ಬೀಜದ ಲೆಕ್ಕದಲ್ಲಿ ಹೇಳುತ್ತಿದ್ದರು. ಇಷ್ಟು ಕೊಳಗದ ಗದ್ದೆ, ಇಷ್ಟು ಖಂಡುಗದ ಗದ್ದೆ. ೨೦ ಕೊಳಗಕ್ಕೆ ಒಂದು ಖಂಡುಗ. ನೆಲ ಬದಲಾದರೆ ಅಳತೆಯೂ ಬದಲು. ಬ್ರಿಟಿಷರಿಗೆ ಬೇಕಿದ್ದದ್ದು ಎಕರೆ. ಅದನ್ನು ಅಳೆಯಲು ಅವರ ಬಳಿ ಇದ್ದದ್ದು ಎಡ್ಮಂಡ್ ಗಂಟರ್ ೧೬೨೦ರಲ್ಲಿ ರೂಪಿಸಿದ ೬೬ ಅಡಿ ಸರಪಳಿ. ಮುಂಬಯಿ ಪ್ರಾಂತ್ಯದ ಸರ್ವೆಯಲ್ಲಿ ಅದರ ಅರ್ಧ, ಅಂದರೆ ೩೩ ಅಡಿಯ ಸರಪಳಿಯನ್ನು ಬಳಸಿ, ಅದನ್ನು ರೂಪಾಯಿಯ ಹಾಗೆ ೧೬ ಆಣೆಗೆ ಭಾಗ ಮಾಡಿದರು. ೩೩ ಅಡಿ ಉದ್ದ, ೩೩ ಅಡಿ ಅಗಲದ ಚೌಕಕ್ಕೆ ಒಂದು ಗುಂಟೆ, ೧,೦೮೯ ಚದರಡಿ. ೪೦ ಗುಂಟೆ ಸೇರಿದರೆ ೪೩,೫೬೦ ಚದರಡಿ. ಒಂದಡಿಯೂ ಹೆಚ್ಚುಕಡಿಮೆ ಇಲ್ಲದೆ ಒಂದು ಎಕರೆ!

ಮೈಸೂರು ಸೀಮೆಯಲ್ಲಿ ೧೮೬೩ರಲ್ಲಿ ಶುರುವಾದ ಕಂದಾಯ ಸರ್ವೆಯೂ ಈ ಮುಂಬಯಿ ಪದ್ಧತಿಯದೇ. ಈ ಕಡೆ ಆಣೆ ಲೆಕ್ಕ ಬಲ್ಲ ಶಾನುಭೋಗರು, ಆ ಕಡೆ ಎಕರೆ ಕೇಳುವ ಸರ್ಕಾರ, ನಡುವೆ ಗುಂಟೆ.

೧೯೫೭ರಲ್ಲಿ ದಶಮಾಂಶ ನಾಣ್ಯ ಬಂದು ದುಡ್ಡಿನ ಲೆಕ್ಕದಿಂದ ಆಣೆ ಹೋಯಿತು. ೨೦೦೦ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿತು. ಗುಂಟೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದನ್ನು ಗಮನಿಸದೆ ಬರೀ ಒಂದು ಚುಕ್ಕಿ ಇಟ್ಟದ್ದಕ್ಕೆ ನಮ್ಮ ಹನ್ನೆರಡು ಗುಂಟೆ ಹೋಗಿತ್ತು. ಅಷ್ಟು ನೆಲಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ.

ಈಗ ಪಹಣಿಯ ವಿಸ್ತೀರ್ಣಕ್ಕೆಂದೇ ಒಂದು ಅಡಾಪ್ಟರ್ ಕ್ಲಾಸ್ ಬರೆದಿದ್ದೇನೆ. ಬಹುಭುಜದ ಕೋಡನ್ನೂ ಮುಟ್ಟಿಲ್ಲ, ಪಹಣಿ ಬರೆಯುವ ಕ್ರಮವನ್ನೂ ಬದಲಿಸಿಲ್ಲ. ತಾತನಿಗೆ ಫೋನ್ ಮಾಡಿ "ಹನ್ನೆರಡು ಗುಂಟೆ ವಾಪಸ್ ಬಂತು" ಅಂದೆ.

"ಸದ್ಯ, ಪಕ್ಕದ ಹೊಲದೋನು ನೋಡ್ಲಿಲ್ಲ ಬುಡು" ಅಂದರು :-)

ನಿಮ್ಮೂರಿನ ಹಿರಿಯರು ಈಗಲೂ ಕೊಳಗ, ಖಂಡುಗದಲ್ಲಿ ಗದ್ದೆ ಲೆಕ್ಕ ಹೇಳುತ್ತಾರಾ? ಹೇಳುತ್ತಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ.