ಕಾಯಿದೆಯೂ ಫಲವೂ

ಅಡಿಕೆಯ ಸಸಿ ನೆಡುವ ರೈತನನ್ನು ಫಲ ಯಾವಾಗ ಬರುತ್ತದೆಂದು ಕೇಳಿ ನೋಡಿ. ಇಷ್ಟು ವರ್ಷ ನೀರೆರೆಯಬೇಕು, ಇಂಥ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಬೇಕು, ಆಮೇಲೆ ಮೊದಲ ಗೊನೆ ಎಂದು ಆತ ಲೆಕ್ಕ ಹೇಳುತ್ತಾನೆ. ನೆಟ್ಟ ಸಸಿಗಳ ಲೆಕ್ಕವನ್ನೇ ಫಸಲಿನ ಲೆಕ್ಕವೆಂದು ಅವನು ಎಂದೂ ಭ್ರಮಿಸುವುದಿಲ್ಲ. ಸಮಾಜದ ಕೆಲಸಕ್ಕೆ ಕೈಹಾಕುವ ನಾವು ಮಾತ್ರ ಈ ಭ್ರಮೆಗೆ ಬಹು ಸುಲಭವಾಗಿ ಒಳಗಾಗುತ್ತೇವೆ. ಹೆಣ್ಣಿನ ಮೇಲಣ ಹಿಂಸೆಯನ್ನು ತಡೆಯಲು ನಮ್ಮ ದೇಶದಲ್ಲಿ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದಿರುವ ಪ್ರಯತ್ನಗಳ ಚರಿತ್ರೆಯನ್ನು ಓದುವಾಗ ಇದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನ್ಯಾಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಸ್ತ್ರೀಯರ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದು ತನ್ನ ಯೋಜನೆಯ ಪತ್ರವನ್ನು ಕನ್ನಡಕ್ಕೆ ತಂದುಕೊಡಬೇಕೆಂದು ಒಮ್ಮೆ ನನ್ನನ್ನು ಕೇಳಿತು. ಅದರಲ್ಲಿ ‘ಉದ್ದೇಶಿತ ಫಲ’ ಎಂಬ ತಲೆಬರಹದ ಕೆಳಗೆ ನಡೆಸಲಿರುವ ಸಭೆಗಳು, ಹಂಚಲಿರುವ ಕರಪತ್ರಗಳು, ತರಬೇತಿ ಪಡೆಯಲಿರುವ ಕಾರ್ಯಕರ್ತೆಯರು, ಇವೆಲ್ಲದರ ಸಂಖ್ಯೆಗಳಿದ್ದುವು. ಒಬ್ಬ ಹೆಂಗಸಿನ ಬಾಳಿನಲ್ಲಿ ಏನು ಬದಲಾಗಬೇಕೆಂಬ ಒಂದು ವಾಕ್ಯವೂ ಇರಲಿಲ್ಲ. ಕನ್ನಡದಲ್ಲಿ ಕಾರ್ಯ ಬೇರೆ, ಫಲ ಬೇರೆ. ಈ ಎರಡನ್ನೂ ಒಂದು ಮಾಡಿದ್ದು ಆ ಸಂಸ್ಥೆಯ ದೋಷವೆಂದು ನಾನು ಹೇಳಲಾರೆ. ಅದು ನಮಗೆ ಪರಂಪರೆಯಿಂದಲೇ ಬಂದ ಅಭ್ಯಾಸ. ಬಾಲ್ಯವಿವಾಹದ ವಿರುದ್ಧ ಬಂದ ಕಾಯಿದೆಗಳ ಕಥೆಯಲ್ಲಿ ಈ ಅಭ್ಯಾಸದ ಮೂಲವನ್ನು ಕಾಣಬಹುದು.

1860ರ ದಂಡಸಂಹಿತೆ ಪತ್ನಿಯೊಡನೆ ದೇಹಸಂಬಂಧಕ್ಕೆ ಕನಿಷ್ಠ ವಯಸ್ಸನ್ನು ಹತ್ತು ವರ್ಷವೆಂದು ಗೊತ್ತುಮಾಡಿತ್ತು. 1890ರಲ್ಲಿ ಕಲ್ಕತ್ತೆಯ ನ್ಯಾಯಾಲಯದ ಮುಂದೆ ಫುಲ್ಮೊನಿ ದಾಸಿ ಎಂಬ ಎಳೆಯ ಬಾಲೆಯ ಸಾವಿನ ಮೊಕದ್ದಮೆ ಬಂತು. ಅವಳಿಗೆ ಹನ್ನೊಂದರ ಆಸುಪಾಸು. ಗಂಡ ಮೂವತ್ತು ದಾಟಿದವನು. ಗಂಡನ ಬಲಾತ್ಕಾರದಿಂದ ಅವಳು ಸತ್ತಳು. ಆದರೆ ಅವಳು ಹತ್ತು ವರ್ಷ ದಾಟಿದ್ದುದರಿಂದ ಅತ್ಯಾಚಾರವೆಂಬ ಮಾತೇ ಏಳಲಿಲ್ಲ. ದುಡುಕಿನಿಂದ ತೀವ್ರ ಗಾಯ ಮಾಡಿದನೆಂದು ಅವನಿಗೆ ಒಂದು ವರ್ಷದ ಕಠಿಣ ಶಿಕ್ಷೆಯಾಯಿತು. ದೇಶವೆಲ್ಲ ತಲ್ಲಣಿಸಿತು. 1884ರಿಂದಲೂ ಬಾಲ್ಯವಿವಾಹದ ವಿರುದ್ಧ ಬರೆಯುತ್ತಿದ್ದ ಬೆಹರಾಮ್‌ಜಿ ಮಲಬಾರಿಯವರ ಮಾತಿಗೆ ಬಲ ಬಂತು. ಭಂಡಾರ್ಕರರು ಸುಧಾರಣೆಯ ಪರವಾಗಿ ಶಾಸ್ತ್ರಾಧಾರಗಳನ್ನು ತೋರಿಸಿದರು; ಪರಕೀಯರ ಸರ್ಕಾರ ನಮ್ಮ ಮನೆಯೊಳಗೆ ಕೈಯಿಡಬಾರದೆಂದು ತಿಲಕರು ವಿರೋಧಿಸಿದರು. 1891ರಲ್ಲಿ ಕಾಯಿದೆ ಬಂತು. ಹತ್ತು ಇದ್ದುದು ಹನ್ನೆರಡಾಯಿತು.

ಈ ವಾದವಿವಾದದಲ್ಲಿ ಶಾಸ್ತ್ರದ ಮಾತು ಬಂತು, ಸ್ವಾತಂತ್ರ್ಯದ ಮಾತು ಬಂತು, ಸರ್ಕಾರದ ಅಧಿಕಾರದ ಮಾತು ಬಂತು. ಕಾಯಿದೆ ಬಂದ ಮೇಲೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಆ ರಾತ್ರಿ ಎಲ್ಲಿ ಮಲಗುತ್ತಾಳೆ ಎಂಬ ಪ್ರಶ್ನೆ ಮಾತ್ರ ಮುಂದೆ ಬರಲಿಲ್ಲ. ಅವಳ ವಯಸ್ಸನ್ನು ಸಾಬೀತುಮಾಡಲು ಜನನದ ದಾಖಲೆ ಬೇಕು. ಅದು ಬಹುಪಾಲು ಮನೆಗಳಲ್ಲಿ ಇರಲಿಲ್ಲ. ದೂರು ಕೊಡಬೇಕಾದವರು ಯಾರು? ಅವಳನ್ನು ಧಾರೆಯೆರೆದು ಕೊಟ್ಟ ತಂದೆಯೇ, ಮನೆ ತುಂಬಿಸಿಕೊಂಡ ಅತ್ತೆಯೇ?

ಮೈಸೂರು ಸಂಸ್ಥಾನ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ ಬಂದ ರೆಗ್ಯುಲೇಷನ್ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ಮದುವೆಯನ್ನೇ ತಡೆಯುವ ಕಾಯಿದೆ ಬರಲು ಇನ್ನೂ 35 ವರ್ಷ ಕಾಯಬೇಕಾಯಿತೆಂಬುದನ್ನು ನೆನೆದರೆ ಇದರ ಧೈರ್ಯಕ್ಕೆ ತಲೆಬಾಗಬೇಕು. ಆದರೂ ಒಂಬತ್ತು ವರ್ಷದ ಹುಡುಗಿ ಈ ಶಾಸನದ ಕಣ್ಣಿಗೆ ಬೀಳುವುದಿಲ್ಲ. ವರನಿಗೆ ನಲವತ್ತೊಂಬತ್ತಾಗಿದ್ದರೆ ಅವನೂ ಬೀಳುವುದಿಲ್ಲ. ಅತಿ ಕ್ರೂರವಾದುದನ್ನು ನಿಲ್ಲಿಸಬೇಕೆಂಬ ಕರುಣೆ ಅಲ್ಲಿತ್ತು. ಹುಡುಗಿ ಏನಾಗಬೇಕು ಎಂಬ ಚಿತ್ರ ಇರಲಿಲ್ಲ.

ಆ ಚಿತ್ರವನ್ನು ಬರೆದವರು ಸಾಹಿತಿಗಳು. ಐದು ವರ್ಷಗಳ ತರುವಾಯ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ನಾವು ತರಗತಿಯಲ್ಲಿ ಅದನ್ನು ಹೇಳುತ್ತೇವೆ. ಅದರ ನಾಯಕಿ ಎಳೆಯ ವಿಧವೆ. ಅವಳು ಮನೆಯ ಕಟ್ಟನ್ನು ದಾಟಿ ಆಶ್ರಯ ಪಡೆಯುತ್ತಾಳೆ, ವಿದ್ಯೆ ಕಲಿಯುತ್ತಾಳೆ, ತರುವಾಯ ಮದುವೆಯಾಗುತ್ತಾಳೆ. ಕಲೆಯ ದೃಷ್ಟಿಯಿಂದ ಆ ಕೃತಿಯಲ್ಲಿ ಕೊರತೆಗಳನ್ನು ಹುಡುಕಬಹುದು. ಆದರೆ ತಲೆಯ ಮೇಲೊಂದು ಸೂರು, ಕೈಗೊಂದು ಪುಸ್ತಕ, ಮುಂದಿನ ಬಾಳಿಗೊಂದು ದಾರಿ ಎಂದು ಕ್ರಮವಾಗಿ ಹೇಳುವ ಆ ಕಥೆಯಲ್ಲಿ ಶಾಸನಕಾರರು ಬಿಟ್ಟ ಪುಟ ತುಂಬಿದೆ. ಉದ್ದೇಶಿತ ಫಲವೆಂದರೆ ಇದೇ. ಹೆಸರಿರುವ ಒಬ್ಬ ಹೆಣ್ಣಿನ ಬಾಳು ಯಾವ ಕ್ರಮದಲ್ಲಿ ಬದಲಾಗಬೇಕೆಂದು ಮೊದಲೇ ಕಾಣುವುದು.

ಮುಂದೆ ಅಜ್ಮೀರದ ಹರಬಿಲಾಸ ಶಾರದಾ ಅವರು 1927ರಲ್ಲಿ ತಮ್ಮ ಮಸೂದೆಯನ್ನು ಮಂಡಿಸಿದರು. ಮರುವರ್ಷ ಮೋರೋಪಂತ ಜೋಶಿಯವರ ಅಧ್ಯಕ್ಷತೆಯಲ್ಲಿ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ರಾಮೇಶ್ವರಿ ನೆಹರೂ ಅವರು ಅದರ ಸದಸ್ಯೆಯಾಗಿದ್ದರು. ಸಮಿತಿ ದೇಶವನ್ನೆಲ್ಲ ಸುತ್ತಿ ವಿಚಾರಿಸಿದಾಗ, 1891ರ ಕಾಯಿದೆಯೊಂದು ಇದೆಯೆಂಬುದೇ ಬಹು ಜನಕ್ಕೆ ತಿಳಿದಿರಲಿಲ್ಲ. ಇದರಿಂದ ಪಾಠ ಕಲಿತ ಸಮಿತಿ, ವಯಸ್ಸನ್ನು ಏರಿಸಿದರೆ ಸಾಲದು, ಜನನವನ್ನೂ ಮದುವೆಯನ್ನೂ ಕಡ್ಡಾಯವಾಗಿ ದಾಖಲುಮಾಡಬೇಕೆಂದು 1929ರಲ್ಲಿ ಸಲಹೆ ಮಾಡಿತು. ಅಳೆಯುವ ಕೋಲು ಇಲ್ಲದೆ ಹೊಲದ ವಿಸ್ತಾರ ತಿಳಿಯದಷ್ಟೆ.

ಅದೇ ವರ್ಷ ಅಂಗೀಕಾರವಾದ ಶಾರದಾ ಕಾಯಿದೆ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ಕನಿಷ್ಠ ವಯಸ್ಸನ್ನು ಗೊತ್ತುಮಾಡಿತು. ಆದರೆ ಅಳೆಯುವ ಕೋಲನ್ನು ಕೈಬಿಟ್ಟಿತು. ದಾಖಲೆಯ ವಿಧಿ ಅದರಲ್ಲಿ ಸೇರಲಿಲ್ಲ. ಪೊಲೀಸರು ತಾವಾಗಿಯೇ ಮೊಕದ್ದಮೆ ಹೂಡುವಂತಿರಲಿಲ್ಲ. ದೂರು ಕೊಡುವವನೇ ನೂರು ರೂಪಾಯಿಯವರೆಗೆ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಹಿರಿಯರಿಗೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ. ಇಷ್ಟಾಗಿಯೂ ಮದುವೆ ಮಾತ್ರ ಊರ್ಜಿತ; ತಂದೆ ದಂಡ ಕಟ್ಟಿ ಬಂದರೂ ಮಗಳು ಹೆಂಡತಿಯಾಗಿಯೇ ಉಳಿಯಬೇಕು.

ಇನ್ನೂ ಒಂದು ಸಂಗತಿಯುಂಟು. 1929ರ ಅಕ್ಟೋಬರಿನಲ್ಲಿ ವೈಸ್‌ರಾಯರ ಒಪ್ಪಿಗೆ ಪಡೆದ ಕಾಯಿದೆ ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ಜನ ಸಿದ್ಧರಾಗಲೆಂದು ಕೊಟ್ಟ ಆ ಆರು ತಿಂಗಳಲ್ಲಿ ಜನ ಸಿದ್ಧರಾದದ್ದು ಬೇರೆ ರೀತಿಯಲ್ಲಿ. ಕಾಯಿದೆ ಬರುವ ಮುನ್ನ ಮುಗಿಸಿಬಿಡೋಣವೆಂದು ಮಕ್ಕಳಿಗೆ, ಹಸುಗೂಸುಗಳಿಗೆ ಕೂಡ, ಮದುವೆಗಳನ್ನು ಮಾಡಿದರು. ಆಮೇಲೂ ಗಡಿ ದಾಟಿ ದೇಶೀಯ ಸಂಸ್ಥಾನಗಳಿಗೆ ಹೋಗಿ ಧಾರೆಯೆರೆದು ಬಂದವರಿದ್ದರು. ಸರ್ಕಾರ ಚಾಪೆಯ ಕೆಳಗೆ ತೂರಿದರೆ ಜನ ರಂಗೋಲಿಯ ಕೆಳಗೆ ತೂರಿದರು. 1931ರ ಜನಗಣತಿಯಲ್ಲಿ, ಹಳೆಯ ಮೈಸೂರಿನವರ ಮಾತಿನಲ್ಲಿ ಹೇಳುವುದಾದರೆ ಖಾನೇಷುಮಾರಿಯಲ್ಲಿ, ಹದಿನೈದರೊಳಗಿನ ಪತ್ನಿಯರ ಸಂಖ್ಯೆ 1921ರ ಸುಮಾರು 85 ಲಕ್ಷದಿಂದ 1 ಕೋಟಿ 20 ಲಕ್ಷವನ್ನು ಮೀರಿತ್ತು. ಬಾಲಿಕೆಯರನ್ನು ಉಳಿಸಲು ಬಂದ ಕಾಯಿದೆಯ ಹೊಸ್ತಿಲಲ್ಲೇ ಲಕ್ಷಾಂತರ ಬಾಲಿಕೆಯರು ಮಾಂಗಲ್ಯ ಕಟ್ಟಿಸಿಕೊಂಡರು. ಕಾಯಿದೆಯನ್ನು ತಂದವರ ಮನಸ್ಸು ನಿರ್ಮಲವಾದುದೇ. ಆದರೆ ‘ನಾವು ಹೀಗೆ ಮಾಡಿದರೆ ಮನೆಗಳಲ್ಲಿ ಏನಾದೀತು’ ಎಂಬ ಸರಳ ಪ್ರಶ್ನೆಗೆ ಯೋಜನೆಯಲ್ಲಿ ಸ್ಥಾನವಿಲ್ಲದೆ ಹೋದರೆ ಆಗುವುದು ಹೀಗೆಯೇ.

ತರುವಾಯದ ತಿದ್ದುಪಡಿಗಳನ್ನು ಓದುವುದೆಂದರೆ ಬಿಟ್ಟುಹೋದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಸಿಕ್ಕುವುದನ್ನು ನೋಡಿದಂತೆ. ನಡೆಯಲಿರುವ ಮದುವೆಯನ್ನು ನ್ಯಾಯಾಲಯ ತಡೆಯಬಹುದೆಂಬ ವಿಧಿ 1938ರಲ್ಲಿ ಬಂತು. ಹುಡುಗಿಯ ವಯಸ್ಸು 1949ರಲ್ಲಿ ಹದಿನೈದಕ್ಕೂ, 1978ರಲ್ಲಿ ಹದಿನೆಂಟಕ್ಕೂ ಏರಿತು. 2006ರ ಕಾಯಿದೆ ಮೊದಲ ಬಾರಿಗೆ ಆ ಹುಡುಗಿಯ ಗತಿಯೇನೆಂದು ಕೇಳಿತು. ಬೇಡವೆಂದರೆ ಮದುವೆಯನ್ನು ರದ್ದುಮಾಡಿಸಿಕೊಳ್ಳುವ ಹಕ್ಕನ್ನೂ, ಮರುಮದುವೆಯವರೆಗೆ ಜೀವನಾಂಶವನ್ನೂ ವಾಸಕ್ಕೆ ವ್ಯವಸ್ಥೆಯನ್ನೂ ಅದು ಹೇಳಿತು. ನಮ್ಮ ರಾಜ್ಯದ 2016ರ ತಿದ್ದುಪಡಿ ಅಂಥ ಮದುವೆಯೇ ಅಸಿಂಧು ಎಂದಿತು. ಕೊನೆಗೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹದಿನೆಂಟು ತುಂಬದ ಪತ್ನಿಯ ವಿಷಯದಲ್ಲಿ ಗಂಡನಿಗಿದ್ದ ರಿಯಾಯಿತಿಯನ್ನು ತೆಗೆದುಹಾಕಿತು. ಹತ್ತರಿಂದ ಹದಿನೆಂಟಕ್ಕೆ ಬರಲು 157 ವರ್ಷ ಬೇಕಾಯಿತು.

ನಮ್ಮ ರಾಜ್ಯ 2006ರಲ್ಲಿ ಆರಂಭಿಸಿದ ಭಾಗ್ಯಲಕ್ಷ್ಮಿ ಯೋಜನೆ ಇಲ್ಲಿ ಗಮನಾರ್ಹ. ಬಡ ಕುಟುಂಬದ ಹೆಣ್ಣುಮಗುವಿನ ಹೆಸರಿನಲ್ಲಿ ಇಡುಗಂಟು. ಎಂಟನೆಯ ತರಗತಿಯವರೆಗೆ ಓದಬೇಕು, ಹದಿನೆಂಟರೊಳಗೆ ಮದುವೆಯಾಗಬಾರದು ಎಂಬ ಷರತ್ತು. ಯೋಜನೆಯ ಗುಣದೋಷಗಳು ಏನೇ ಇರಲಿ, ಫಲವನ್ನು ಮೊದಲೇ ಹೇಳಿ ಕೆಲಸಕ್ಕೆ ತೊಡಗಿದ ಕ್ರಮ ಅಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಪ್ಪತ್ತರಿಂದ ಇಪ್ಪತ್ತನಾಲ್ಕು ವರ್ಷದ ಸ್ತ್ರೀಯರಲ್ಲಿ ಹದಿನೆಂಟರೊಳಗೆ ಮದುವೆಯಾದವರು ದೇಶದಲ್ಲಿ 2005-06ರಲ್ಲಿ ಶೇಕಡಾ 47.4 ಇದ್ದರು, 2019-21ರಲ್ಲಿ ಶೇಕಡಾ 23.3. ಶಾಲೆ, ಸಂಪಾದನೆ, ಕಾಯಿದೆ ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವುದು ಕಷ್ಟ. ಅಳೆದದ್ದರಿಂದ ನಮಗೆ ತಿಳಿಯಿತೆಂಬುದಂತೂ ನಿಜ.

ಅಳತೆಯೇ ಮೋಸಮಾಡುವುದೂ ಉಂಟು. ಗಂಡನಿಂದ ಹಿಂಸೆಗೆ ಒಳಗಾದೆವೆಂದು ಹೇಳಿದ ವಿವಾಹಿತೆಯರು ಕರ್ನಾಟಕದಲ್ಲಿ 2015-16ರ ಸಮೀಕ್ಷೆಯಲ್ಲಿ ಶೇಕಡಾ 20.6, 2019-21ರಲ್ಲಿ ಶೇಕಡಾ 44.4. ಹಿಂಸೆಯೇ ಇಮ್ಮಡಿಸಿತೇ, ಇಲ್ಲವೆ ಸೆರಗಿನ ಮರೆಯಲ್ಲಿದ್ದ ಮಾತು ಹೊರಗೆ ಬಂತೇ? ಈ ಸಂಖ್ಯೆಯೊಂದೇ ಇದಕ್ಕೆ ಉತ್ತರ ಕೊಡಲಾರದು. ‘ದೂರುಗಳನ್ನು ಅರ್ಧಕ್ಕೆ ಇಳಿಸುತ್ತೇವೆ’ ಎಂದು ಒಂದು ಯೋಜನೆ ಫಲವನ್ನು ಗೊತ್ತುಮಾಡಿತೆನ್ನಿ. ಬಂದ ಹೆಂಗಸನ್ನು ‘ಹೊಂದಿಕೊಂಡು ಹೋಗಮ್ಮ’ ಎಂದು ಹಿಂದಕ್ಕೆ ಕಳಿಸುವ ಠಾಣೆಯೇ ಅಲ್ಲಿ ಮೊದಲ ದರ್ಜೆಯಲ್ಲಿ ಉತ್ತೀರ್ಣವಾಗುತ್ತದೆ! ಒಳ್ಳೆಯ ಕೆಲಸ ನಡೆದಲ್ಲಿ ಮೊದಲ ಕೆಲವು ವರ್ಷ ದೂರುಗಳು ಹೆಚ್ಚುವುದೇ ಸಹಜ. ಹಾಗೆ ಹೆಚ್ಚೀತೆಂದು ಯೋಜನೆಯಲ್ಲಿ ಮೊದಲೇ ಬರೆದಿಡಬೇಕು. ಇಲ್ಲವಾದರೆ ಯಶಸ್ಸೇ ಸೋಲಿನಂತೆ ಕಂಡು ಕೆಲಸ ನಿಂತುಹೋಗುತ್ತದೆ.

2005ರ ಕೌಟುಂಬಿಕ ಹಿಂಸೆಯ ಕಾಯಿದೆ ಈ ದೃಷ್ಟಿಯಿಂದ ದೊಡ್ಡ ತಿರುವು. 1983ರಲ್ಲಿ ದಂಡಸಂಹಿತೆಗೆ ಸೇರಿದ ವಿಧಿ ಗಂಡನಿಗೆ, ಅವನ ಬಂಧುಗಳಿಗೆ ಯಾವ ಶಿಕ್ಷೆಯೆಂದು ಹೇಳಿತ್ತು. 2005ರ ಕಾಯಿದೆ ಹೆಂಗಸಿಗೆ ಏನು ಸಿಗಬೇಕೆಂದು ಹೇಳಿತು. ಅವಳನ್ನು ಮನೆಯಿಂದ ಹೊರದೂಡುವಂತಿಲ್ಲ, ಮತ್ತೆ ಹೊಡೆಯದಂತೆ ರಕ್ಷಣೆಯ ಆಜ್ಞೆ ಬೇಕು, ಖರ್ಚಿಗೆ ಹಣ ಬೇಕು, ದಾರಿ ತೋರಿಸಲು ರಕ್ಷಣಾಧಿಕಾರಿ ಬೇಕು. ಇಂದಿರೆಯ ಸೂರು ಕಾದಂಬರಿಯಿಂದ ಕಾಯಿದೆಗೆ ಬರಲು 106 ವರ್ಷ ಹಿಡಿಯಿತು.

ಆದ್ದರಿಂದ ಇಂಥ ಕೆಲಸಕ್ಕೆ ಹೊರಡುವ ಯಾರೇ ಆಗಲಿ, ಮೊದಲು ನಾಲ್ಕು ಮಾತು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಯಾರ ಬಾಳಿನಲ್ಲಿ, ಏನು, ಎಷ್ಟು ಕಾಲದಲ್ಲಿ ಬದಲಾಗಬೇಕು? ಬದಲಾಯಿತೆಂದು ನಮಗೆ ಹೇಗೆ ತಿಳಿಯುತ್ತದೆ? ನಮ್ಮ ಕೆಲಸದಿಂದಲೇ ಆಗಬಹುದಾದ ಕೇಡು ಯಾವುದು? ಈ ಉತ್ತರಗಳನ್ನು ಆ ಹೆಂಗಸರನ್ನು ಕೇಳಿ ಬರೆದೆವೇ? 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರಪ್ರದೇಶಗಳಲ್ಲಿ ಆರಂಭವಾದ ಮಹಿಳಾ ಸಮಾಖ್ಯಾ ಕಾರ್ಯಕ್ರಮ, ಮೇಲಿನಿಂದ ಸಂಖ್ಯೆಯ ಗುರಿಗಳನ್ನು ಹೇರದೆ, ತಮಗೆ ಬೇಕಾದ್ದೇನೆಂದು ಹಳ್ಳಿಯ ಸಂಘದ ಹೆಂಗಸರೇ ಹೇಳಲಿ ಎಂದಿತು. ಅದು ಫಲವನ್ನು ಬಿಟ್ಟುಕೊಟ್ಟದ್ದಲ್ಲ. ಫಲವನ್ನು ಹೆಸರಿಸುವ ಹಕ್ಕನ್ನು ಅದರ ಒಡತಿಗೆ ಕೊಟ್ಟದ್ದು.

ಫಲದ ಆಸೆಯಿಲ್ಲದೆ ಕರ್ಮ ಮಾಡಬೇಕೆಂಬ ಗೀತೆಯ ಬೋಧೆಯನ್ನು ಸಮಾಜಸೇವಕರು ಆಗಾಗ ನೆನೆಯುವುದುಂಟು. ಆ ಬೋಧೆ ನಮಗೆ ಬರುವ ಫಲದ ಮಾತು: ಕೀರ್ತಿ, ಬಿರುದು, ಸನ್ಮಾನ. ಇನ್ನೊಬ್ಬರಿಗೆ ಸಲ್ಲಬೇಕಾದ ಫಲದಲ್ಲಿ ನಿಷ್ಕಾಮರಾಗಿರಲು ನಮಗೆ ಅಧಿಕಾರವಿಲ್ಲ. ಹೊಡೆತ ತಿನ್ನುವವಳು ನಮ್ಮ ಸಭೆಗಳ ಸಂಖ್ಯೆಯನ್ನು ಕೇಳುವುದಿಲ್ಲ; ಈ ರಾತ್ರಿ ಬಾಗಿಲ ಚಿಲಕ ಒಳಗಿನಿಂದ ತನ್ನ ಕೈಯಲ್ಲಿದೆಯೇ ಎಂದು ಕೇಳುತ್ತಾಳೆ.