ಟೋಪಿ ಒಬ್ಬರ ತಲೆಗೆ, ಕಪ್ ಇನ್ನೊಬ್ಬರ ಕೈಗೆ

ಇಂಡಿಯನ್ ಪ್ರೀಮಿಯರ್ ಲೀಗ್ (ಐಪಿಎಲ್) ಕ್ರಿಕೆಟ್‌ನಲ್ಲಿ ವರ್ಷದ ಅತಿ ಹೆಚ್ಚು ರನ್ ಗಳಿಸಿದ ದಾಂಡಿಗನಿಗೆ ಸಲ್ಲುವ ಗೌರವ ‘ಆರೆಂಜ್ ಕ್ಯಾಪ್’. 2008ರಲ್ಲಿ, ಲೀಗ್‌ನ ಮೊದಲ ವರ್ಷವೇ ಈ ಕಿತ್ತಳೆ ಬಣ್ಣದ ಟೋಪಿ ಬಂತು. 616 ರನ್ ಗಳಿಸಿದ ಪಂಜಾಬ್ ತಂಡದ ಶಾನ್ ಮಾರ್ಷ್ ಅದನ್ನು ಗೆದ್ದ ಮೊದಲಿಗರು. ಪಂದ್ಯಾವಳಿ ನಡೆಯುವಾಗಲೂ ಮುಂದಿರುವ ಆಟಗಾರ ಈ ಟೋಪಿ ಧರಿಸಿ ಕ್ಷೇತ್ರರಕ್ಷಣೆಗೆ ಇಳಿಯುತ್ತಾನೆ. ಮತ್ತೊಬ್ಬ ಅವನನ್ನು ಹಿಂದಿಕ್ಕಿದರೆ ಟೋಪಿ ತಲೆ ಬದಲಿಸುತ್ತದೆ.

ವೃತ್ತಿಪರ ಲೀಗ್‌ಗಳಲ್ಲಿ ಈ ಪರಿಪಾಠ ಹಳೆಯದು. ಅಮೆರಿಕ ಮತ್ತು ಕೆನಡಾ ತಂಡಗಳು ಆಡುವ ನ್ಯಾಷನಲ್ ಹಾಕಿ ಲೀಗ್‌ಗೆ 1947ರಲ್ಲಿ ಆರ್ಟ್ ರಾಸ್ ಎಂಬವರು ಪಾರಿತೋಷಕವೊಂದನ್ನು ನೀಡಿದರು. ಮಂಜುಗಡ್ಡೆಯ ಮೇಲೆ ಆಡುವ ಈ ಹಾಕಿಯಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಅದು ಸಲ್ಲುತ್ತದೆ. ಮೊದಲು ಪಡೆದವರು ಎಲ್ಮರ್ ಲ್ಯಾಕ್. ವೇಯ್ನ್ ಗ್ರೆಟ್ಸ್‌ಕಿ ಅದನ್ನು 10 ಸಲ ಗೆದ್ದರು. ಅಲ್ಲಿನ ಲೆಕ್ಕದಲ್ಲಿ ಒಂದು ವಿಶೇಷವಿದೆ. ಗೋಲು ಹೊಡೆದವನಿಗೆ ಒಂದು ಅಂಕವಾದರೆ, ಆ ಗೋಲಿಗೆ ದಾರಿ ಮಾಡಿಕೊಟ್ಟ ಜೊತೆಗಾರರಿಗೂ ಒಂದೊಂದು ಅಂಕ.

ಕ್ರಿಕೆಟ್‌ನಲ್ಲಿ ಆ ಸೌಲಭ್ಯವಿಲ್ಲ. ಎದುರು ತುದಿಯಲ್ಲಿ ವಿಕೆಟ್ ಕಾಯ್ದುಕೊಂಡು, ಒಂಟಿ ರನ್ ತೆಗೆದು ಜೊತೆಗಾರನಿಗೆ ಆಡಲು ಬಿಟ್ಟವನ ಶ್ರಮ ಟೋಪಿಯ ಲೆಕ್ಕಕ್ಕೆ ಸೇರುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಬಯಲುಗಳಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಆಡುವ ಹುಡುಗರಿಗೂ ಈ ಸಂಗತಿ ಹೊಸದಲ್ಲ. ಬಹುಮಾನ ಹೆಚ್ಚು ರನ್ ಹೊಡೆದವನಿಗೆ. ಪಂದ್ಯ ಉಳಿಸಿದವನು ಚಪ್ಪಾಳೆ ತಟ್ಟುವವರ ಸಾಲಿನಲ್ಲಿ.

ಕನ್ನಡಿಗರಿಬ್ಬರು ಈ ಟೋಪಿ ಧರಿಸಿದ್ದಾರೆ. ಇಬ್ಬರ ಕಥೆಯೂ ಬೇರೆ ಬೇರೆ. 2014ರಲ್ಲಿ ರಾಬಿನ್ ಉತ್ತಪ್ಪ ಕೋಲ್ಕತ್ತ ನೈಟ್ ರೈಡರ್ಸ್ ಪರ 660 ರನ್ ಗಳಿಸಿದರು. ಆ ವರ್ಷ ಕಪ್ ಕೂಡ ಕೋಲ್ಕತ್ತದ ಪಾಲಾಯಿತು. ಟೋಪಿ ಮತ್ತು ಕಪ್ ಒಂದೇ ತಂಡಕ್ಕೆ ದಕ್ಕಿದ್ದು ಅದೇ ಮೊದಲು. 2020ರಲ್ಲಿ ಕೋವಿಡ್‌ನಿಂದಾಗಿ ಪಂದ್ಯಗಳು ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದವು. ಪಂಜಾಬ್ ನಾಯಕ ಕೆ.ಎಲ್. ರಾಹುಲ್ 670 ರನ್ ಗಳಿಸಿದರು. ಅದರಲ್ಲಿ ಬೆಂಗಳೂರು ತಂಡದ ವಿರುದ್ಧ ಬಾರಿಸಿದ ಔಟಾಗದ 132 ರನ್ ಕೂಡ ಸೇರಿತ್ತು. ಆದರೂ ಪಂಜಾಬ್ ಆರನೇ ಸ್ಥಾನದಲ್ಲೇ ಉಳಿಯಿತು.

ಈ ವಿಪರ್ಯಾಸವನ್ನು ಬೆಂಗಳೂರಿನ ಅಭಿಮಾನಿಗಳಷ್ಟು ಬಲ್ಲವರಿಲ್ಲ. ರಾಯಲ್ ಚಾಲೆಂಜರ್ಸ್ ತಂಡದ ಕ್ರಿಸ್ ಗೇಲ್ 2011 ಮತ್ತು 2012ರಲ್ಲಿ ಟೋಪಿ ಪಡೆದರು; ಕಪ್ ಬರಲಿಲ್ಲ. 2016ರಲ್ಲಿ ವಿರಾಟ್ ಕೊಹ್ಲಿ ನಾಲ್ಕು ಶತಕಗಳೊಂದಿಗೆ 973 ರನ್ ಪೇರಿಸಿದರು. ಬೆಂಗಳೂರಿನಲ್ಲೇ ನಡೆದ ಫೈನಲ್‌ನಲ್ಲಿ ತಂಡ ಹೈದರಾಬಾದಿಗೆ 8 ರನ್‌ಗಳಿಂದ ಸೋತಿತು. 2024ರಲ್ಲಿ ಅವರು 741 ರನ್ ಗಳಿಸಿ ಮತ್ತೆ ಟೋಪಿ ಗೆದ್ದರು. ಕಪ್ ಆಗಲೂ ದೂರವೇ ಉಳಿಯಿತು.

ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಮಣಿಸಿ ಬೆಂಗಳೂರು ಕಪ್ ಎತ್ತಿತು. ಆ ವರ್ಷ ಟೋಪಿ ಹೋದದ್ದು ಗುಜರಾತ್ ತಂಡದ ಸಾಯಿ ಸುದರ್ಶನ್ ಅವರಿಗೆ, 759 ರನ್‌ಗಳಿಗಾಗಿ. ಬೆಂಗಳೂರಿನ ಒಂಬತ್ತು ಮಂದಿ ಬೇರೆ ಬೇರೆ ದಿನಗಳಲ್ಲಿ ಪಂದ್ಯಶ್ರೇಷ್ಠರಾಗಿದ್ದರು. ಫೈನಲ್‌ನಲ್ಲಿ ಆ ಗೌರವ ಸಂದದ್ದು ನಾಲ್ಕು ಓವರ್‌ಗಳಲ್ಲಿ 17 ರನ್ನಿಗೆ 2 ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯ ಅವರಿಗೆ.

2008ರಿಂದ 2025ರವರೆಗಿನ 18 ಪಂದ್ಯಾವಳಿಗಳಲ್ಲಿ ಟೋಪಿ ಮತ್ತು ಕಪ್ ಒಂದೇ ತಂಡಕ್ಕೆ ಸಂದದ್ದು ಎರಡೇ ಬಾರಿ: ಉತ್ತಪ್ಪ ಅವರ 2014ರಲ್ಲಿ, ಚೆನ್ನೈನ ಋತುರಾಜ್ ಗಾಯಕವಾಡ್ ಟೋಪಿ ಗೆದ್ದ 2021ರಲ್ಲಿ. ಇದರಿಂದ ಟೋಪಿಯ ಬೆಲೆಯೇನೂ ಕುಂದದು. ಎರಡು ತಿಂಗಳ ಕಾಲ ಎಡೆಬಿಡದೆ ರನ್ ಗಳಿಸುವುದು ಸುಲಭದ ಮಾತಲ್ಲ. ಆದರೆ ಟೋಪಿ ಅಳೆಯುವುದು ಒಬ್ಬನ ಬ್ಯಾಟನ್ನು. ಕಪ್ಪಿನ ಲೆಕ್ಕದಲ್ಲಿ ಹನ್ನೊಂದು ಹೆಸರುಗಳಿರುತ್ತವೆ.