ಭಂಗಿಯಿಂದ ಸಿಬಿಡಿವರೆಗೆ: ನಿದ್ದೆಯ ಮದ್ದಾಗಿ ಗಾಂಜಾ ಗಿಡ

ಗಾಂಜಾ ಗಿಡದ ಮೂರು ಉತ್ಪನ್ನಗಳು ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಎಲೆಯಿಂದ ಭಂಗಿ, ಹೆಣ್ಣು ಗಿಡದ ಹೂತೆನೆಯಿಂದ ಗಾಂಜಾ, ಅದರ ಅಂಟಿನಿಂದ ಚರಸ್. ಮೂರರಲ್ಲೂ ಇರುವ ರಾಸಾಯನಿಕಗಳು ಬಹುಮಟ್ಟಿಗೆ ಒಂದೇ, ಸಾಂದ್ರತೆ ಮಾತ್ರ ಬೇರೆ. ಅಮಲೇರಿಸುವ ಟಿಎಚ್‌ಸಿ, ಅಮಲೇರಿಸದ ಸಿಬಿಡಿ, ಈ ಎರಡರ ಸುತ್ತಲೇ ಇಂದಿನ ವೈದ್ಯಕೀಯ ಚರ್ಚೆ ನಡೆಯುತ್ತಿದೆ. ನಿದ್ದೆ ಬಾರದವರಿಗೆ, ನೋವಿನಿಂದ ನರಳುವವರಿಗೆ, ಮನಸ್ಸಿನ ಕಳವಳ ತಗ್ಗದವರಿಗೆ ಈ ಗಿಡ ನೆರವಾಗುತ್ತದೆ ಎಂಬ ನಂಬಿಕೆ ಹಳೆಯದು. ಯಾರಿಗೆ, ಎಷ್ಟು, ಯಾವ ರೂಪದಲ್ಲಿ ಎಂದು ಅಳೆದು ನೋಡುವ ಕೆಲಸ ಶುರುವಾಗಿದ್ದು ಸುಮಾರು ಎರಡು ಶತಮಾನಗಳಿಂದೀಚೆಗೆ.

ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸಂಕಟ ಬಿಡಿಸುವ ಐದು ಸಸ್ಯಗಳ ಸಾಲಿನಲ್ಲಿ ‘ಭಂಗ’ದ ಹೆಸರು ಬರುತ್ತದೆ. ಅದು ಇದೇ ಗಿಡವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಔಷಧವಾಗಿ ಖಚಿತ ಉಲ್ಲೇಖ ದೊರೆಯುವುದು ಮಧ್ಯಯುಗದ ಗ್ರಂಥಗಳಲ್ಲಿ. ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯಗಳಿಗೆ ಶಾರ್ಙ್ಗಧರ ಸಂಹಿತೆ ಭಂಗ ಮತ್ತು ಅಫೀಮನ್ನು ಉದಾಹರಣೆಯಾಗಿ ಕೊಡುತ್ತದೆ. ಹದಿನಾರನೆಯ ಶತಮಾನದ ಭಾವಪ್ರಕಾಶ ಭಂಗವನ್ನು ಕಹಿ, ಲಘು, ಉಷ್ಣ, ಮಲಬಂಧಕ ಎಂದು ವರ್ಣಿಸಿ, ಹಸಿವಿನ ಜೊತೆಗೆ ಮೋಹ, ಮದ, ಮಾತುಗಳನ್ನೂ ಹೆಚ್ಚಿಸುತ್ತದೆ ಎಂದು ಎಚ್ಚರಿಸುತ್ತದೆ. ಭೇದಿ, ಗ್ರಹಣಿಗೆ ಕೊಡುವ ಜಾತೀಫಲಾದಿ ಚೂರ್ಣದಲ್ಲಿ ಭಂಗಿ ಇಂದಿಗೂ ಒಂದು ಮುಖ್ಯ ಅಂಗ.

ಈ ಪರಂಪರೆಯಲ್ಲಿ ಹೆಚ್ಚು ಗಮನಿಸಬೇಕಾದದ್ದು ಶೋಧನ ಕ್ರಮ. ಒಣಗಿದ ಎಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನಲ್ಲಿ ಅದ್ದಿ ಹಿಂಡುತ್ತಾರೆ. ಹಸಿರು ಬಣ್ಣ ಬಿಡುವುದು ನಿಲ್ಲುವವರೆಗೆ ನೀರು ಬದಲಿಸುತ್ತ ಹೋಗುತ್ತಾರೆ. ಆಮೇಲೆ ನೆರಳಲ್ಲಿ ಒಣಗಿಸಿ, ಹಸುವಿನ ತುಪ್ಪದಲ್ಲಿ ಮಂದ ಉರಿಯ ಮೇಲೆ ಹುರಿಯುತ್ತಾರೆ. ಇದರಲ್ಲಿ ಅಡಗಿರುವ ರಸಾಯನಶಾಸ್ತ್ರ ಸ್ಪಷ್ಟವಾಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಸಿ ಗಿಡದಲ್ಲಿ ಟಿಎಚ್‌ಸಿ ಆಮ್ಲರೂಪದಲ್ಲಿರುತ್ತದೆ, ಆ ರೂಪಕ್ಕೆ ಅಮಲಿಲ್ಲ. ಕಾಯಿಸಿದಾಗ ಆಮ್ಲದ ಭಾಗ ಕಳಚಿ ಅದು ಸಕ್ರಿಯವಾಗುತ್ತದೆ. ನೀರಿನಲ್ಲಿ ಅದು ಬಹುಮಟ್ಟಿಗೆ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಎಲೆ ತೊಳೆದ ನೀರಿನಲ್ಲಿ ಬೇಡದ್ದು ಹೋಗುತ್ತದೆ, ಬೇಕಾದದ್ದು ತುಪ್ಪಕ್ಕೆ ಇಳಿಯುತ್ತದೆ. ಭಂಗಿಯನ್ನು ಹಾಲು, ಬಾದಾಮಿ, ಗಸಗಸೆ ಕೂಡಿಸಿ ಅರೆಯುವ ಉತ್ತರ ಭಾರತದ ಥಂಡಾಯಿಯೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ.

ನಿದ್ದೆಗಾಗಿ ಬಳಸುತ್ತಿದ್ದುದಕ್ಕೆ ಒಂದು ಸ್ಪಷ್ಟ ಸಾಕ್ಷ್ಯ ಗೋವೆಯಿಂದ ಬರುತ್ತದೆ. ಅಲ್ಲಿ ನೆಲಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಚ್ಚು ಹಾಕಿಸಿದ ಔಷಧ ಗ್ರಂಥದಲ್ಲಿ, ಹಿಂದಿನ ಕಾಲದ ದಳಪತಿಗಳು ದಣಿವು ಮತ್ತು ಚಿಂತೆ ಕಳೆದು ಮಲಗಲು ಇದನ್ನು ಮದ್ಯದೊಂದಿಗೋ ಅಫೀಮಿನೊಂದಿಗೋ ಸೇವಿಸುತ್ತಿದ್ದರೆಂದು ಕೇಳಿದ್ದಾಗಿ ಬರೆದಿದ್ದಾನೆ. ಉತ್ತರ ಕರ್ನಾಟಕದಲ್ಲಿ ಭಂಗಿಯ ನಂಟು ಹೆಚ್ಚಾಗಿ ಆರಾಧನೆಯೊಂದಿಗೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಅದನ್ನು ಪ್ರಸಾದವಾಗಿ ಹಂಚುವ ರೂಢಿ ಪತ್ರಿಕೆಗಳಲ್ಲಿ ವರದಿಯಾಗಿದೆ. ಔಷಧದ ಚರಿತ್ರೆಯಿಂದ ಅದನ್ನು ಬೇರೆಯಾಗಿಯೇ ನೋಡಬೇಕು.

ಪಾಶ್ಚಾತ್ಯ ವೈದ್ಯಕ್ಕೆ ಈ ಗಿಡವನ್ನು ಪರಿಚಯಿಸಿದ ಕೀರ್ತಿ ಕಲ್ಕತ್ತಾ ವೈದ್ಯಕೀಯ ಕಾಲೇಜಿನ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓಶಾನೆಸಿಗೆ ಸಲ್ಲುತ್ತದೆ. ಅವನು ಸ್ಥಳೀಯ ಪಂಡಿತರು, ಹಕೀಮರಿಂದ ಕೇಳಿ ತಿಳಿದು, ಪ್ರಾಣಿಗಳ ಮೇಲೆ ಪರೀಕ್ಷಿಸಿ, ಸಂಧಿವಾತ, ಕಾಲರಾ, ಧನುರ್ವಾಯು ರೋಗಿಗಳಿಗೆ ಕೊಟ್ಟು ನೋಡಿ, 1839ರಲ್ಲಿ ಫಲಿತಾಂಶ ಪ್ರಕಟಿಸಿದ. ಧನುರ್ವಾಯುವಿನ ಸೆಳೆತ ಇದರಿಂದ ತಗ್ಗುವುದನ್ನು ಕಂಡದ್ದು ಅವನ ದೊಡ್ಡ ಗಳಿಕೆ. ಅವನು ಲಂಡನ್ನಿಗೆ ಒಯ್ದ ಗಾಂಜಾದಿಂದ ಪೀಟರ್ ಸ್ಕ್ವೈರ್ ಎಂಬ ಔಷಧ ವ್ಯಾಪಾರಿ ಮದ್ಯಸಾರದ ಅರ್ಕ ತಯಾರಿಸಿದ. ಕೆಲವೇ ವರ್ಷಗಳಲ್ಲಿ ಅದು ಯುರೋಪ್ ಮತ್ತು ಅಮೆರಿಕದ ಔಷಧಾಲಯಗಳ ಕಪಾಟು ಸೇರಿತು.

ನಿದ್ದೆಯ ಮೇಲೆ ಮೊದಲ ದೊಡ್ಡ ಅಧ್ಯಯನ ಜರ್ಮನಿಯಲ್ಲಿ ನಡೆಯಿತು. ಫ್ರೋನ್‌ಮ್ಯುಲರ್ ಎಂಬ ವೈದ್ಯ 1869ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾವಿರ ರೋಗಿಗಳ ವಿವರವಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಚೆನ್ನಾಗಿ ನಿದ್ದೆ ಬಂತು, ಸುಮಾರು ಕಾಲುಭಾಗಕ್ಕೆ ಏನೂ ಪ್ರಯೋಜನವಾಗಲಿಲ್ಲ. ವಿಕ್ಟೋರಿಯಾ ರಾಣಿಯ ವೈದ್ಯರಲ್ಲೊಬ್ಬನಾದ ಜೆ. ರಸೆಲ್ ರೆನಾಲ್ಡ್ಸ್ 1890ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೂವತ್ತು ವರ್ಷಗಳ ಅನುಭವ ಬರೆಯುತ್ತ, ವೃದ್ಧರ ನಿದ್ರಾಹೀನತೆಗೆ ಇದನ್ನು ಬಹುವಾಗಿ ಮೆಚ್ಚಿದ. ಜೊತೆಗೇ, ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು, ಒಂದು ಸೀಸೆಯ ಶಕ್ತಿ ಇನ್ನೊಂದಕ್ಕಿಲ್ಲ ಎಂಬ ಎಚ್ಚರಿಕೆಯನ್ನೂ ಕೊಟ್ಟ. ಇಂದಿನ ವೈದ್ಯರು ಕೊಡುವ ಸಲಹೆಯೂ ಅದೇ.

ಆ ಅಸಮ ಶಕ್ತಿಯೇ ಗಾಂಜಾ ಅರ್ಕಕ್ಕೆ ಮುಳುವಾಯಿತು. ಚುಚ್ಚುಮದ್ದಿನ ಸೂಜಿ ಬಳಕೆಗೆ ಬಂದಾಗ ನೀರಿನಲ್ಲಿ ಕರಗುವ ಮಾರ್ಫಿನ್ ಗೆದ್ದಿತು, ಜಿಡ್ಡಿನ ಗಾಂಜಾ ಸೋತಿತು. ಫ್ರೋನ್‌ಮ್ಯುಲರ್‌ನ ವರದಿ ಬಂದ 1869ರಲ್ಲೇ ಕ್ಲೋರಲ್ ಹೈಡ್ರೇಟ್ ನಿದ್ದೆ ಬರಿಸುತ್ತದೆಂಬುದು ಗೊತ್ತಾಯಿತು. 1903ರ ಹೊತ್ತಿಗೆ ಬಾರ್ಬಿಟ್ಯುರೇಟ್ ಗುಳಿಗೆಗಳು ಬಂದವು. ಅಳೆದು ಕೊಡಬಹುದಾದ ಔಷಧಗಳ ಎದುರು ಅಳತೆಗೆ ಸಿಗದ ಅರ್ಕ ನಿಲ್ಲಲಿಲ್ಲ. ಕಾನೂನಿನ ನಿಷೇಧ ಬಂದಿದ್ದು ಆಮೇಲೆ. ಈ ಕ್ರಮವನ್ನು ನೆನಪಿಡಬೇಕು, ಏಕೆಂದರೆ ಗಾಂಜಾವನ್ನು ವೈದ್ಯಕ್ಷೇತ್ರದಿಂದ ಹೊರಹಾಕಿದ್ದು ಕೇವಲ ರಾಜಕೀಯ ಎಂಬ ಕಥೆ ಇಂದು ಬಹಳ ಪ್ರಚಾರದಲ್ಲಿದೆ. ರಾಜಕೀಯದ ಪಾಲೂ ಇತ್ತು ಎಂಬುದು ನಿಜ. ಭಾರತದಲ್ಲಿ 1893-94ರ ಗಾಂಜಾ ಆಯೋಗ 1,193 ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ನಿಷೇಧ ಬೇಡ, ತೆರಿಗೆ ಸಾಕು ಎಂದಿತ್ತು. ಅಮೆರಿಕ 1937ರಲ್ಲಿ ಭಾರಿ ತೆರಿಗೆಯ ಕಾಯ್ದೆಯಿಂದ ಅದನ್ನು ಹತ್ತಿಕ್ಕಿ, 1942ರಲ್ಲಿ ತನ್ನ ಅಧಿಕೃತ ಔಷಧಕೋಶದಿಂದ ತೆಗೆದುಹಾಕಿತು. 1961ರ ವಿಶ್ವಸಂಸ್ಥೆಯ ಒಪ್ಪಂದ ಗಾಂಜಾವನ್ನು ಅತಿ ಕಠಿಣ ಪಟ್ಟಿಗೆ ಸೇರಿಸಿತು.

ಸಂಶೋಧನೆ ಮತ್ತೆ ಚಿಗುರಿದ್ದು ರಸಾಯನಶಾಸ್ತ್ರದಿಂದ. ಅಮೆರಿಕದ ರೋಜರ್ ಆ್ಯಡಮ್ಸ್ 1940ರಲ್ಲಿ ಸಿಬಿಡಿಯನ್ನು ಬೇರ್ಪಡಿಸಿದ್ದ, ಆದರೆ ಅದರ ನಿಖರ ರಚನೆ ತಿಳಿದಿರಲಿಲ್ಲ. ಇಸ್ರೇಲಿನ ರಾಫೆಲ್ ಮೆಶುಲಮ್ ಪೊಲೀಸರು ವಶಪಡಿಸಿಕೊಂಡಿದ್ದ ಹಶೀಶ್ ತರಿಸಿಕೊಂಡು, 1963ರಲ್ಲಿ ಸಿಬಿಡಿಯ ರಚನೆಯನ್ನು ನಿರ್ಧರಿಸಿದರು. ಮರುವರ್ಷ ಯೆಹಿಯೆಲ್ ಗಾವೊನಿ ಜೊತೆಗೂಡಿ ಟಿಎಚ್‌ಸಿಯನ್ನು ಶುದ್ಧವಾಗಿ ಬೇರ್ಪಡಿಸಿದರು. 1988ರಲ್ಲಿ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಮಿದುಳಿನಲ್ಲಿ ಟಿಎಚ್‌ಸಿ ಅಂಟಿಕೊಳ್ಳುವ ಗ್ರಾಹಕವನ್ನು ಕಂಡುಹಿಡಿದರು. 1992ರಲ್ಲಿ ಆ ಗ್ರಾಹಕಕ್ಕೆ ಮಿದುಳೇ ತಯಾರಿಸುವ ವಸ್ತು ಸಿಕ್ಕಿತು, ಅದಕ್ಕೆ ಅನಂದಮೈಡ್ ಎಂದು ಹೆಸರಿಟ್ಟರು. ನೋವು, ಹಸಿವು, ಭಯ, ನಿದ್ದೆ ಎಲ್ಲವನ್ನೂ ಹದದಲ್ಲಿಡುವ ಒಂದು ವ್ಯವಸ್ಥೆ ದೇಹದಲ್ಲೇ ಇದೆ, ಗಿಡದ ವಸ್ತು ಅದರೊಳಗೆ ಕೈಯಾಡಿಸುತ್ತದೆ ಎಂಬುದು ಇದರಿಂದ ಗೊತ್ತಾಯಿತು. ಟಿಎಚ್‌ಸಿ ಈ ಗ್ರಾಹಕಕ್ಕೆ ನೇರವಾಗಿ ಅಂಟಿಕೊಳ್ಳುತ್ತದೆ. ಸಿಬಿಡಿ ಹಾಗೆ ಅಂಟಿಕೊಳ್ಳುವುದಿಲ್ಲ, ಬೇರೆ ಹಲವು ದಾರಿಗಳಲ್ಲಿ ಪರಿಣಾಮ ಬೀರುತ್ತದೆ.

ನಿದ್ದೆಯ ಪ್ರಯೋಗಗಳ ಕಥೆ ಇಲ್ಲಿಂದ ಜಟಿಲವಾಗುತ್ತದೆ. ಬ್ರೆಜಿಲ್‌ನ ಕಾರ್ಲಿನಿ ಮತ್ತು ಕುನ್ಯಾ 1981ರಲ್ಲಿ ನಿದ್ದೆ ಬಾರದ 15 ಮಂದಿಗೆ 40, 80, 160 ಮಿಲಿಗ್ರಾಂ ಸಿಬಿಡಿ ಕೊಟ್ಟು ನೋಡಿದರು. 160 ಮಿಲಿಗ್ರಾಂ ತೆಗೆದುಕೊಂಡ ರಾತ್ರಿ ಹೆಚ್ಚು ಹೊತ್ತು ಮಲಗಿದ್ದಾಗಿ ಅವರು ಹೇಳಿದರು, ಕನಸುಗಳು ನೆನಪಿನಲ್ಲಿ ಉಳಿದದ್ದು ಕಡಿಮೆ. 2004ರ ಬ್ರಿಟಿಷ್ ಪ್ರಯೋಗದಲ್ಲಿ ಟಿಎಚ್‌ಸಿ ಜೊತೆ ಕೊಟ್ಟ 15 ಮಿಲಿಗ್ರಾಂ ಸಿಬಿಡಿ ನಿದ್ದೆಯ ಬದಲು ಎಚ್ಚರವನ್ನೇ ಹೆಚ್ಚಿಸಿತು. 2018ರಲ್ಲಿ ಬ್ರೆಜಿಲ್‌ನಲ್ಲಿ 27 ಆರೋಗ್ಯವಂತರಿಗೆ 300 ಮಿಲಿಗ್ರಾಂ ಕೊಟ್ಟಾಗ ನಿದ್ದೆಯ ಸ್ವರೂಪದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಅಮೆರಿಕದ ಒಂದು ಚಿಕಿತ್ಸಾಲಯದ 72 ರೋಗಿಗಳ ವರದಿ 2019ರಲ್ಲಿ ಬಂತು. ಮೊದಲ ತಿಂಗಳಲ್ಲಿ ಮೂರರಲ್ಲಿ ಎರಡು ಪಾಲು ಮಂದಿಯ ನಿದ್ದೆ ಸುಧಾರಿಸಿತು, ಮುಂದೆ ಏರಿಳಿಯಿತು. ಕಳವಳ ತಗ್ಗಿದ್ದು ಹೆಚ್ಚು ಸ್ಥಿರವಾಗಿತ್ತು. ಆದರೆ ಹೋಲಿಕೆಗೆ ಹುಸಿ ಗುಳಿಗೆ ತೆಗೆದುಕೊಂಡ ಇನ್ನೊಂದು ಗುಂಪು ಇರಲಿಲ್ಲ. ನಿದ್ದೆಯ ಔಷಧಗಳಲ್ಲಿ ಹುಸಿ ಗುಳಿಗೆಯ ಪ್ರಭಾವವೇ ಬಹಳ ದೊಡ್ಡದು, ಹಾಗಾಗಿ ಈ ಕೊರತೆ ಸಣ್ಣದಲ್ಲ.

ಟಿಎಚ್‌ಸಿಯ ಫಲ ಇದಕ್ಕಿಂತ ಸ್ಪಷ್ಟ, ಅಪಾಯವೂ ಅಷ್ಟೇ ಸ್ಪಷ್ಟ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೀರ್ಘಕಾಲದ ನಿದ್ರಾಹೀನತೆಯುಳ್ಳ ಇಪ್ಪತ್ತಮೂರು ಮಂದಿ ಮುಖ್ಯವಾಗಿ ಟಿಎಚ್‌ಸಿ ಇರುವ ಮದ್ದನ್ನು ಎರಡು ವಾರ ತೆಗೆದುಕೊಂಡು ಸುಧಾರಣೆ ಕಂಡರು. 2024ರಲ್ಲಿ ಅದೇ ದೇಶದ ಇನ್ನೊಂದು ತಂಡ 10 ಮಿಲಿಗ್ರಾಂ ಟಿಎಚ್‌ಸಿಗೆ 200 ಮಿಲಿಗ್ರಾಂ ಸಿಬಿಡಿ ಸೇರಿಸಿ ಒಂದೇ ರಾತ್ರಿ ಕೊಟ್ಟು ಅಳೆದಾಗ, ಒಟ್ಟು ನಿದ್ದೆ ಸುಮಾರು 25 ನಿಮಿಷ, ಕನಸಿನ ನಿದ್ದೆ ಸುಮಾರು 34 ನಿಮಿಷ ಕಡಿಮೆಯಾಗಿತ್ತು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ತೂಗಿ, ದೀರ್ಘಕಾಲದ ನೋವು, ಫೈಬ್ರೊಮಯಾಲ್ಜಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ಕಾಯಿಲೆಗಳಿಂದ ಕೆಟ್ಟ ನಿದ್ದೆ ಅಲ್ಪಾವಧಿಯಲ್ಲಿ ಸುಧಾರಿಸುತ್ತದೆ ಎಂಬುದಕ್ಕೆ ಮಧ್ಯಮ ಮಟ್ಟದ ಪುರಾವೆ ಇದೆ ಎಂದವು. ನೋವು ತಗ್ಗಿದರೆ ನಿದ್ದೆ ಬರುತ್ತದೆ ಎಂಬುದೇ ಇದರ ಬಹುಪಾಲು ವಿವರಣೆ ಇರಬಹುದು. ದಿನವೂ ಬಳಸಿದರೆ ದೇಹ ಒಗ್ಗಿಕೊಳ್ಳುತ್ತದೆ, ಪ್ರಮಾಣ ಏರಿಸಬೇಕಾಗುತ್ತದೆ. ಬಿಟ್ಟಾಗ ನಿದ್ದೆಗೇಡು, ಭಯಾನಕ ಕನಸುಗಳು ಕಾಡುತ್ತವೆ. ಯಾವುದಕ್ಕೆ ಮದ್ದೆಂದು ಹಿಡಿದಿದ್ದರೋ ಅದೇ ಕಾಯಿಲೆ ಮರಳಿ ಬಂದಂತೆ ಕಾಣುವುದರಿಂದ ಅನೇಕರಿಗೆ ಬಿಡಲಾಗುವುದಿಲ್ಲ.

ಸಿಬಿಡಿಗೆ ಗಟ್ಟಿ ನೆಲೆ ಸಿಕ್ಕಿದ್ದು ಬೇರೊಂದು ಕಾಯಿಲೆಯಲ್ಲಿ. ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ ತೀವ್ರ ಬಾಲ್ಯ ಅಪಸ್ಮಾರಗಳಿಗೆ ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ದ್ರಾವಣವನ್ನು ಅಮೆರಿಕ 2018ರ ಜೂನ್‌ನಲ್ಲಿ ಒಪ್ಪಿತು. ಅಲ್ಲಿ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 20 ಮಿಲಿಗ್ರಾಂ. ಅದೇ ವರ್ಷದ ಕೊನೆಗೆ ಶೇಕಡಾ 0.3 ಮೀರದ ಟಿಎಚ್‌ಸಿ ಇರುವ ಗಿಡದ ಕೃಷಿಗೆ ಅಮೆರಿಕ ಅನುಮತಿ ಕೊಟ್ಟಿತು. ಅಲ್ಲಿಂದ ಎಣ್ಣೆ, ಗಮ್ಮಿ, ಮುಲಾಮು, ಚಹಾ, ದಿಂಬಿನ ಹೊದಿಕೆಯವರೆಗೆ ಸಿಬಿಡಿಯ ಹೆಸರಿನಲ್ಲಿ ಮಾರಾಟಕ್ಕೆ ಬಂದವು.

ಬಳಸುವ ರೂಪಕ್ಕೆ ತಕ್ಕಂತೆ ಪರಿಣಾಮ ಬದಲಾಗುತ್ತದೆ. ಸೇದಿದರೆ ಕೆಲವೇ ನಿಮಿಷಗಳಲ್ಲಿ ಏರಿ ಮೂರು-ನಾಲ್ಕು ಗಂಟೆಗಳಲ್ಲಿ ಇಳಿಯುತ್ತದೆ, ಶ್ವಾಸಕೋಶಕ್ಕೆ ಹೊಗೆಯ ಹಾನಿ ಬೇರೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ತಡವಾಗಿ ಏರಿ ಬಹು ಹೊತ್ತು ನಿಲ್ಲುತ್ತದೆ. ಏನೂ ಆಗಲಿಲ್ಲವೆಂದು ಇನ್ನೊಂದು ತುಂಡು ತಿಂದು ಆಸ್ಪತ್ರೆ ಸೇರುವವರು ಈ ಗುಂಪಿನವರು. ನಾಲಿಗೆಯಡಿ ಹನಿ ಬಿಡುವುದು ಇವೆರಡರ ನಡುವಿನ ದಾರಿ. ಬಾಯಿಂದ ನುಂಗಿದ ಸಿಬಿಡಿಯಲ್ಲಿ ರಕ್ತಕ್ಕೆ ಸೇರುವುದು ಸಣ್ಣ ಪಾಲು ಮಾತ್ರ. ಜಿಡ್ಡಿನ ಊಟದ ಜೊತೆಗೆ ಅದು ನಾಲ್ಕೈದು ಪಟ್ಟು ಹೆಚ್ಚುತ್ತದೆ. ತುಪ್ಪದಲ್ಲಿ ಹುರಿಯುವ ಹಳೆಯ ಕ್ರಮ ಇಲ್ಲಿಯೂ ಅರ್ಥ ಪಡೆಯುತ್ತದೆ.

ಒಂದು ಸೀಸೆಯ ಲೆಕ್ಕ ನೋಡಿದರೆ ಮಾರುಕಟ್ಟೆಗೂ ವಿಜ್ಞಾನಕ್ಕೂ ಇರುವ ಅಂತರ ತಿಳಿಯುತ್ತದೆ. 30 ಮಿಲಿಲೀಟರ್ ಎಣ್ಣೆಯಲ್ಲಿ 1000 ಮಿಲಿಗ್ರಾಂ ಸಿಬಿಡಿ ಎಂದು ಬರೆದಿದ್ದರೆ, ಒಂದು ಮಿಲಿಲೀಟರಿನಲ್ಲಿ ಸುಮಾರು 33 ಮಿಲಿಗ್ರಾಂ, ಒಂದು ಹನಿಯಲ್ಲಿ ಒಂದೂವರೆ ಮಿಲಿಗ್ರಾಂ ಚಿಲ್ಲರೆ. ರಾತ್ರಿ ಹತ್ತು ಹನಿ ಹಾಕಿಕೊಂಡವರಿಗೆ ಸಿಗುವುದು 17 ಮಿಲಿಗ್ರಾಂ. 1981ರ ಪ್ರಯೋಗದ 160 ಮಿಲಿಗ್ರಾಂ ಮುಟ್ಟಬೇಕಾದರೆ ಆ ಸೀಸೆ ಆರು ರಾತ್ರಿಗೆ ಖಾಲಿ. ಚೀಟಿಯ ಮೇಲಿನ ಸಂಖ್ಯೆಯೂ ನಂಬಿಕೆಗೆ ಅರ್ಹವಲ್ಲ. ಅಂತರ್ಜಾಲದಲ್ಲಿ ಕೊಂಡ 84 ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು 2017ರಲ್ಲಿ ಪರೀಕ್ಷಿಸಿದಾಗ, ಚೀಟಿಗೆ ಹೊಂದುವಂತಿದ್ದದ್ದು ಶೇಕಡಾ 31 ಮಾತ್ರ, 18ರಲ್ಲಿ ಟಿಎಚ್‌ಸಿ ಇತ್ತು. ಹೆಚ್ಚು ತೆಗೆದುಕೊಳ್ಳುವುದೂ ಪರಿಹಾರವಲ್ಲ. ಆರೋಗ್ಯವಂತ ವಯಸ್ಕರು ದಿನಕ್ಕೆ 10 ಮಿಲಿಗ್ರಾಂ ಮೀರಬಾರದು ಎಂದು ಬ್ರಿಟನ್ನಿನ ಆಹಾರ ಮಾನಕ ಸಂಸ್ಥೆ 2023ರಲ್ಲಿ ಸಲಹೆಯನ್ನು ಬಿಗಿಗೊಳಿಸಿತು. ಅಂಗಡಿಯಲ್ಲಿ ಸಿಗುವ ಪ್ರಮಾಣ ನಿದ್ದೆಗೆ ಸಾಲದು, ಸಾಲಬಹುದಾದ ಪ್ರಮಾಣ ವೈದ್ಯರ ನಿಗಾ ಇಲ್ಲದೆ ಸುರಕ್ಷಿತವಲ್ಲ. ಸಿಬಿಡಿ ವ್ಯಾಪಾರ ಈ ಸತ್ಯವನ್ನು ಗ್ರಾಹಕರಿಗೆ ಹೇಳುತ್ತಿಲ್ಲ.

ಭಾರತದ 1985ರ ಮಾದಕವಸ್ತು ಕಾಯ್ದೆ ಹೂತೆನೆ ಮತ್ತು ಅಂಟನ್ನು ನಿರ್ಬಂಧಿಸುತ್ತದೆ. ತೆನೆಯಿಲ್ಲದ ಎಲೆ ಮತ್ತು ಬೀಜ ಅದರ ವ್ಯಾಖ್ಯೆಯಿಂದ ಹೊರಗಿವೆ. ಭಂಗಿ ಈ ಕಾಯ್ದೆಯಡಿ ನಿಷಿದ್ಧವಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಹೇಳಿತು. ಗಾಂಜಾವನ್ನು ವಿಶ್ವಸಂಸ್ಥೆಯ ಕಠಿಣ ಪಟ್ಟಿಯಿಂದ ತೆಗೆಯುವ ನಿರ್ಣಯ 2020ರ ಡಿಸೆಂಬರ್‌ನಲ್ಲಿ 27-25 ಮತಗಳಿಂದ ಗೆದ್ದಾಗ ಭಾರತ ಪರವಾಗಿ ಮತ ಹಾಕಿತ್ತು. ಎಲೆಯ ಸಾರದಿಂದ ತಯಾರಿಸಿದ ‘ವಿಜಯಾ’ ಔಷಧಗಳು ಆಯುಷ್ ಪರವಾನಗಿಯಡಿ ಬರುತ್ತವೆ. ಔಷಧ ನಿಯಮಗಳ ವಿಷದ್ರವ್ಯ ಪಟ್ಟಿಯಲ್ಲಿ ಭಂಗ ಇರುವುದರಿಂದ ಇವುಗಳ ಮೇಲೆ ವೈದ್ಯರ ನಿಗಾದಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಕಡ್ಡಾಯ. ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಆಹಾರವೆಂದು ಒಪ್ಪಿತು. ಈ ಬೀಜದೆಣ್ಣೆ ಒಳ್ಳೆಯ ಕೊಬ್ಬಿನಾಂಶದ ಅಡುಗೆ ಎಣ್ಣೆಯೇ ಹೊರತು ನಿದ್ದೆಯ ಮದ್ದಲ್ಲ, ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಎರಡನ್ನೂ ಒಂದೆಂಬಂತೆ ಮಾರುವುದು ಮೋಸ.

ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯಾಗಿ ಸೂಚಿಸಿದ್ದು ಮಲಗುವ ಅಭ್ಯಾಸ ಮತ್ತು ಯೋಚನೆಗಳನ್ನು ತಿದ್ದುವ ವರ್ತನಾ ಚಿಕಿತ್ಸೆಯನ್ನು, ಗುಳಿಗೆಯನ್ನಲ್ಲ. ಗೊರಕೆಯ ಉಸಿರುಗಟ್ಟುವಿಕೆಗೆ ಗಾಂಜಾ ಬೇಡವೆಂದು ಅಲ್ಲಿನ ನಿದ್ರಾವೈದ್ಯರ ಅಕಾಡೆಮಿ 2018ರಲ್ಲಿ ಹೇಳಿದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹದಿಹರೆಯದವರು, ಮನೆತನದಲ್ಲಿ ಮನೋವಿಕಲತೆಯ ಇತಿಹಾಸವಿರುವವರು ಇದರಿಂದ ದೂರವಿರಬೇಕು. ಸಿಬಿಡಿ ಯಕೃತ್ತಿನ ಕಿಣ್ವಗಳನ್ನು ತಡೆಯುವುದರಿಂದ ರಕ್ತ ತೆಳುಮಾಡುವ ವಾರ್ಫರಿನ್, ಅಪಸ್ಮಾರದ ಕ್ಲೊಬಜಾಮ್‌ನಂಥ ಗುಳಿಗೆಗಳ ಪರಿಣಾಮ ಅಪಾಯದ ಮಟ್ಟಕ್ಕೆ ಏರಬಹುದು. ಇಂಥ ಗುಳಿಗೆ ನುಂಗುತ್ತಿರುವವರು ವಿಜಯಾ ಎಣ್ಣೆಯನ್ನಾಗಲಿ, ಸಿಬಿಡಿ ಹನಿಯನ್ನಾಗಲಿ ಮುಟ್ಟುವ ಮೊದಲು ತಮ್ಮ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.